ಇಂಜಿನಿಗೆ ಕಿವಿ ಕೊಟ್ಟವನ ಪಾಡು

ಎಷ್ಟು ಜಾಗ್ರತೆ ಮಾಡಿದರೂ ಇಂಥದ್ದು ನನಗೇ ಆಗುತ್ತಿತ್ತು. ಬೇರೆ ಮೇಸ್ತ್ರಿಗಳಿಗೂ ಆಗಿರಬಹುದು, ಅವರು ಹೇಳಿಕೊಳ್ಳುವುದಿಲ್ಲ ಅಷ್ಟೆ. ನನಗೆ ಈಗ ಮುಚ್ಚಿಡಲು ಏನೂ ಉಳಿದಿಲ್ಲ.

ಐವತ್ತರ ದಶಕದ ನಡುವಿನಲ್ಲಿ ಬಂಟ್ವಾಳ ಪೇಟೆಯ ಕೊನೆಗೆ, ತಗಡಿನ ಮಾಡಿನ ಒಂದು ಶೆಡ್ಡಿನಲ್ಲಿ ನಾನು ಕಾರು ರಿಪೇರಿ ಮಾಡುತ್ತಿದ್ದೆ. ಇಂಜಿನಿಗೆ ಕಿಡಿ ಸ್ವಲ್ಪ ಬೇಗ ಸಿಕ್ಕಿದರೆ, ಏರು ಹತ್ತುವಾಗ ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಕಟಕಟ ಅನ್ನುತ್ತದೆ. ತಡವಾಗಿ ಸಿಕ್ಕಿದರೆ ಸದ್ದೂ ಇಲ್ಲ, ಶಕ್ತಿಯೂ ಇಲ್ಲ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗ ಉಂಟು, ಅದನ್ನು ಹುಡುಕಿ ಕೊಡುವುದೇ ನನ್ನ ಕಸುಬು. ಅದಕ್ಕೆ ಬೇಕಾದ ಯಂತ್ರ ಮದ್ರಾಸಿನಲ್ಲಿ ಉಂಟು ಅಂತ ಕೇಳಿದ್ದೆ. ನನ್ನ ಹತ್ತಿರ ಇದ್ದದ್ದು ಎರಡು ಕಿವಿ.

ಸ್ಕ್ರೂಡ್ರೈವರ್

ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುವುದು ನಾನು ಕಲಿತ ಮೊದಲ ವಿದ್ಯೆ. ಒಂದು ದಿನ ಪೊಳಲಿ ಕಡೆಯ ನಿವೃತ್ತ ಹೆಡ್‌ಮಾಸ್ಟ್ರೊಬ್ಬರು ತಮ್ಮ ಹಳೇ ಕಾರು ತಂದರು. ಏರಿನಲ್ಲಿ ಕುಟ್ಟುತ್ತದಂತೆ. ನಾನು ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿದೆ. ಹೌದು, ಸ್ಪಷ್ಟವಾಗಿ ಟಕ್, ಟಕ್, ಟಕ್.

ಕಿಡಿ ತಡವಾಗಿ ಸಿಗುವ ಹಾಗೆ ಅದನ್ನು ಸ್ವಲ್ಪ ಹಿಂದೆ ತಂದೆ. ಟಕ್, ಟಕ್. ಇನ್ನೂ ಹಿಂದೆ ತಂದೆ. ಹಾಗೇ ಉಂಟು. ಪ್ಲಗ್ ಬಿಚ್ಚಿ ಒರೆಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಬೆಳಿಗ್ಗೆ ಶುರು ಮಾಡಿದ ಕೆಲಸ, ಊಟದ ಹೊತ್ತು ದಾಟಿತು. ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳು ಅನ್ನಿಸಿತು. ಆಗ ಹೆಡ್‌ಮಾಸ್ಟ್ರು ನೀರು ಕುಡಿಯಲು ಪಕ್ಕದ ಹೋಟೆಲಿಗೆ ಹೋದರು. ಸದ್ದು ನಿಂತಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಅವರು ತಿರುಗಿ ಬಂದು ಕಾರಿಗೆ ಒರಗಿ ನಿಂತರು. ಮತ್ತೆ ಟಕ್, ಟಕ್, ಟಕ್. ತಲೆ ಎತ್ತಿ ನೋಡಿದರೆ, ಪುಣ್ಯಾತ್ಮರು ಕೈಯಲ್ಲಿದ್ದ ಬೆತ್ತದಿಂದ ಮಡ್‌ಗಾರ್ಡಿಗೆ ಮೆಲ್ಲ ಬಡಿಯುತ್ತಾ ಇದ್ದಾರೆ.

"ಸಾರ್, ಆ ಬೆತ್ತ ಸ್ವಲ್ಪ ಕೆಳಗೆ ಇಡ್ತೀರಾ?" ಅಂದೆ.

ಅವರು ಬೆತ್ತವನ್ನು ನೋಡಿಕೊಂಡು, "ಇದು ಮೂವತ್ತು ವರ್ಷದ ಅಭ್ಯಾಸ ಮೇಸ್ತ್ರಿ. ಬಡಿಯದಿದ್ದರೆ ಎದುರಿಗಿರುವವರು ಕೆಲಸ ಮಾಡುವುದಿಲ್ಲ" ಅಂದರು.

ಆಲಿಕೆ

ಕಾರು ನಿಂತಿರುವಾಗ ಕೇಳಿದ್ದನ್ನು ನಂಬಲಿಕ್ಕಾಗದು, ಏರಿನಲ್ಲೇ ಕೇಳಬೇಕು ಅಂತ ಇದಾದ ಮೇಲೆ ನಿಶ್ಚಯ ಮಾಡಿದೆ. ಎಣ್ಣೆ ಹೊಯ್ಯುವ ಆಲಿಕೆಯೊಂದನ್ನು ಇಂಜಿನಿಗೆ ತಂತಿಯಲ್ಲಿ ಬಿಗಿದು, ಅದರ ಬಾಲಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಪೈಪನ್ನು ಕಿಟಕಿಯಿಂದ ಒಳಗೆ ತಂದು ಕಿವಿಗೆ ಇಟ್ಟುಕೊಂಡೆ. ಹೊರಗಿನ ಸದ್ದು ಬಾರದಿರಲಿ ಅಂತ ತಲೆಗೆ ಹೆಗಲ ಮೇಲಿನ ಬೈರಾಸು ಬಿಗಿದು ಸುತ್ತಿದೆ. ಟ್ಯಾಕ್ಸಿಯವನೊಬ್ಬ ಅವನ ಕಾರನ್ನೇ ಪರೀಕ್ಷೆಗೆ ಕೊಟ್ಟು, ತಾನೇ ಓಡಿಸಲು ಕೂತ.

ಸಿದ್ಧಕಟ್ಟೆಯ ಏರಿನಲ್ಲಿ ಎರಡು ಸಲ ಹತ್ತಿ ಇಳಿದೆವು. ನಾನು ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದೆ. ಎದುರಿಗೆ ಬಂದ ಬಸ್ಸು ಬದಿಗೆ ಸರಿದು ದಾರಿ ಬಿಟ್ಟಿತು. ಎತ್ತಿನ ಗಾಡಿಯವನು ಗದ್ದೆಗೇ ಇಳಿಸಿದ. ಇಷ್ಟು ಮರ್ಯಾದೆ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

ಸಂಜೆ ಮನೆಗೆ ಬಂದರೆ ಅಂಗಳ ತುಂಬಾ ಜನ. ಚಿಕ್ಕಮ್ಮ ಗೋಡೆಗೆ ಒರಗಿ ಅಳುತ್ತಾ ಇದ್ದಾಳೆ. ಮೂಡುಬಿದಿರೆಯಿಂದ ಭಾವ ಬಂದಿದ್ದಾರೆ, ಅವರ ಜೊತೆ ಇನ್ನೂ ಇಬ್ಬರು. ಹೆಂಡತಿ ನನ್ನನ್ನು ನೋಡಿ ಕಂಬ ಹಿಡಿದು ಕೂತುಬಿಟ್ಟಳು. ತಲೆಗೆ ಬಟ್ಟೆ ಸುತ್ತಿ, ಪೈಪು ಹಾಕಿ, ಪ್ರಜ್ಞೆ ಇಲ್ಲದ ನನ್ನನ್ನು ಟ್ಯಾಕ್ಸಿಯಲ್ಲಿ ಸಾಗಿಸಿದ್ದನ್ನು ಬಸ್ಸಿನವರು ಕಣ್ಣಾರೆ ಕಂಡಿದ್ದರಂತೆ.

ನನಗೇನೂ ಆಗಿಲ್ಲ, ಇಂಜಿನಿನ ಸದ್ದು ಕೇಳುತ್ತಿದ್ದೆ ಅಂದೆ. ಯಾರಿಗೂ ಸಂತೋಷ ಆದಂತೆ ಕಾಣಲಿಲ್ಲ. ಭಾವ ವಾಚು ನೋಡಿ, "ಕಡೇ ಬಸ್ಸು ಹೋಯ್ತು ಮಾರಾಯ. ಹೀಗೆ ಅಂತ ಮೊದಲೇ ಹೇಳಿದ್ದರೆ ನಾವು ಬರುತ್ತಲೇ ಇರಲಿಲ್ಲ" ಅಂದರು.

ಡಾಕ್ಟ್ರ ಕೊಳವೆ

ಬೆಳ್ತಂಗಡಿಯ ಡಾಕ್ಟ್ರೊಬ್ಬರು ತಮ್ಮ ಕಾರನ್ನು ನನ್ನ ಕೈಯಲ್ಲೇ ಮಾಡಿಸುತ್ತಿದ್ದರು. ನಾನು ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು ಒದ್ದಾಡುವುದನ್ನು ನೋಡಿ ಅವರಿಗೆ ಮರುಕ ಬಂದಿರಬೇಕು. ಕುತ್ತಿಗೆಯಲ್ಲಿದ್ದ ಸ್ಟೆತೊಸ್ಕೋಪು ತೆಗೆದು, "ಎದೆ ನೋಡುವುದೂ ಇದೂ ಒಂದೇ, ಹಾಕಿ ನೋಡಿ" ಅಂದರು.

ನಾಲ್ಕು ಸಿಲಿಂಡರಿನಲ್ಲಿ ಯಾವುದು ಕುಟ್ಟುವುದು ಅಂತ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ ಕೇಳಿತು. ಅವರೂ ಹಾಕಿ ಕೇಳಿದರು. ಇಬ್ಬರಿಗೂ ಸಂತೋಷ. ಆ ಸಂತೋಷದಲ್ಲಿ ಯಾರೂ ಅದನ್ನು ಒರೆಸಲಿಲ್ಲ. ಡಾಕ್ಟ್ರು ಹಾಗೆಯೇ ಕುತ್ತಿಗೆಗೆ ಹಾಕಿಕೊಂಡು ರೋಗಿಗಳನ್ನು ನೋಡಲು ಹೋದರು.

ಮುಂದಿನ ವಾರ ನಾನು ಅವರ ಕ್ಲಿನಿಕ್ಕಿಗೆ ಹೋದಾಗ ಹೊರಗೆ ಜಗಳ ನಡೆಯುತ್ತಿತ್ತು. ಮುದುಕನೊಬ್ಬ ಅಂಗಿ ಎತ್ತಿ ತನ್ನ ಎದೆಯ ಮೇಲಿನ ಮೂರು ಕಪ್ಪು ಉಂಗುರಗಳನ್ನು ಎಲ್ಲರಿಗೂ ತೋರಿಸುತ್ತಿದ್ದ. ರೋಗ ಇರುವ ಜಾಗಕ್ಕೆ ಡಾಕ್ಟ್ರು ಗುರ್ತು ಹಾಕಿದ್ದು, ಅಳಿಸಿ ಹೋದೀತು ಅಂತ ಒಂದು ವಾರದಿಂದ ಸ್ನಾನ ಮಾಡಿಲ್ಲ ಅಂದ. ಇನ್ನೊಬ್ಬ ಒಳಗೆ ಡಾಕ್ಟ್ರ ಮೇಜಿನ ಮುಂದೆ ನಿಂತು, "ಅವನಿಗೆ ಮೂರು ಹಾಕಿದ್ದೀರಿ, ನನಗೆ ಒಂದೂ ಇಲ್ಲ. ನಾನು ಸಹ ಅಷ್ಟೇ ದೂರದಿಂದ ನಡೆದು ಬಂದವ" ಅನ್ನುತ್ತಿದ್ದ.

ಡಾಕ್ಟ್ರು ತುಂಬಾ ಸೋತವರ ಹಾಗೆ ನನ್ನ ಮುಖ ನೋಡಿದರು. "ಮೇಸ್ತ್ರಿ," ಅಂದರು, "ನಿಮ್ಮ ಹತ್ತಿರ ಸ್ವಲ್ಪ ಗ್ರೀಸ್ ಉಂಟಾ?"

ಕಿವಿ

ವಯಸ್ಸು ಅರವತ್ತು ದಾಟುವಾಗ ನನ್ನ ಬಲಗಿವಿ ಹೋಯಿತು. ಒಂದೇ ದಿನ ಹೋದದ್ದಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಸೈಕಲ್ ಬೆಲ್ಲು. ಎಡಗಿವಿಯೂ ಅರ್ಧ ಮಾತ್ರ. ಅದೇ ಡಾಕ್ಟ್ರು ನೋಡಿ, "ಇಷ್ಟು ವರ್ಷ ಇಂಜಿನಿಗೆ ಒತ್ತಿ ಹಿಡಿದದ್ದಲ್ವಾ, ಇದಕ್ಕೆ ಮದ್ದಿಲ್ಲ" ಅಂತ ಕಾಗದದಲ್ಲಿ ಬರೆದು ತೋರಿಸಿದರು.

ಸದ್ದು ಕೇಳದ ಮೇಸ್ತ್ರಿಗೆ ಯಾರು ಕಾರು ಕೊಡುತ್ತಾರೆ? ಬೇರೆ ಕೆಲಸ ನನಗೆ ಬಾರದು. ನಾಲ್ಕು ದಿನ ಶೆಡ್ಡಿನಲ್ಲಿ ಸುಮ್ಮನೆ ಕೂತಿದ್ದೆ. ಐದನೇ ದಿನ ಧೈರ್ಯ ಮಾಡಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನನಗೆ ಗೊತ್ತುಂಟು," ಅಂದಳು ಗಟ್ಟಿಯಾಗಿ. "ಮೂರು ವರ್ಷದಿಂದ ನಾನು ಏನು ಹೇಳಿದರೂ ನೀವು 'ಆಯ್ತು' ಅಂತೀರಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಸುಧಾರಿಸಿದ್ದೀರಿ ಅಂತ ಗ್ರಹಿಸಿದೆ."

ಧನಿಗಳ ಕಾರು

ಕಿವಿ ಹೋದ ಮೇಲೆ ನಾನು ಹಲ್ಲಿಗೆ ಬಂದೆ. ಗಟ್ಟಿ ಮರದ ಕೋಲೊಂದನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಇಂಜಿನಿಗೆ ಒತ್ತಿದರೆ, ಸದ್ದು ಎಲುಬಿನ ಮೂಲಕ ತಲೆಗೆ ಬರುತ್ತದೆ. ಆದರೆ ಓಡುವ ಕಾರಿನಲ್ಲಿ ಹಾಗೆ ಕಚ್ಚಿ ಕೂರಲಿಕ್ಕೆ ಆಗುವುದಿಲ್ಲವಲ್ಲ. ಏರಿನಲ್ಲಿ ಕುಟ್ಟುತ್ತದೋ ಇಲ್ಲವೋ ಎಂಬುದನ್ನು ಯಜಮಾನರ ಮುಖ ನೋಡಿಯೇ ತಿಳಿಯುತ್ತಿದ್ದೆ.

ಮೂಡುಬಿದಿರೆ ಹತ್ತಿರದ, ದೊಡ್ಡ ಜಮೀನಿನ ಧನಿಗಳೊಬ್ಬರು ಕರೆಸಿದರು. ದೊಡ್ಡ ಕಾರು. ಮರುದಿನ ಅದರಲ್ಲಿ ಚಾರ್ಮಾಡಿ ಘಾಟಿ ಹತ್ತಿ ಮಗಳಿಗೆ ಸಂಬಂಧ ನೋಡಲು ಹೋಗಬೇಕು. ಕಟಕಟ ಸದ್ದು ವಿಪರೀತ ಅಂತ ಅವರ ಹೆಂಡತಿ ಹೇಳಿದ್ದರಂತೆ. ಕುಟ್ಟುವುದಕ್ಕಿಂತ ಕುಟ್ಟದಿರುವುದೇ ಕ್ಷೇಮ ಅಂತ ಕಿಡಿಯನ್ನು ಧಾರಾಳವಾಗಿ ಹಿಂದೆ ತಂದೆ. ಪರೀಕ್ಷೆಗೆ ಹೊರಟೆವು. ಧನಿಗಳು ಸ್ಟಿಯರಿಂಗಿಗೆ ಕೂತರು, ಅವರ ಎಡಕ್ಕೆ ನಾನು, ನನ್ನ ಹಿಂದಿನ ಸೀಟಿನಲ್ಲಿ ಧನಿಗಳ ಹೆಂಡತಿ.

ಏರು ಹತ್ತಿದೆವು. ನಾನು ಧನಿಗಳ ಮುಖ ನೋಡಿದೆ. ವಿಚಿತ್ರ ಅಂದರೆ ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಸದ್ದು ಉಂಟಾ?" ಅಂತ ಅವರು ಊರಿಗೆ ಕೇಳುವ ಹಾಗೆ ಕೂಗಿದರು.

"ನಿಮಗೆ ಹೇಗೆ ಕೇಳುತ್ತದೆ ಧನಿಗಳೇ?" ಅಂತ ನಾನೂ ಕೂಗಿದೆ.

"ಹೌದು ಹೌದು," ಅಂದರು.

ಇವರದ್ದೂ ನನ್ನ ಪಾಡೇಯೋ ಅಂತ ಆಗ ನನಗೆ ಅನುಮಾನ ಬಂತು. ಆದರೆ ಹೇಗೆ ಕೇಳುವುದು? ಕೇಳಿದರೆ ನನ್ನದೂ ಹೊರಗೆ ಬೀಳುತ್ತದೆ.

ಏರು ಮುಗಿದು ಇಳಿಜಾರು ಶುರುವಾಯಿತು. ಪೆಟ್ರೋಲು ಉಳಿಸಲು ಧನಿಗಳು ಗೇರು ತೆಗೆದು ಕಾರನ್ನು ಅದರಷ್ಟಕ್ಕೇ ಬಿಟ್ಟರು. ಕಾರು ಹೂವಿನ ಹಾಗೆ ಹೋಗುತ್ತಿತ್ತು. ಧನಿಗಳ ಮುಖ ಅರಳಿತು. "ಈಗ ನೋಡಿ. ಒಂದು ಚೂರು ಸದ್ದಿಲ್ಲ," ಅಂದರು. "ಇಲ್ಲ ಧನಿಗಳೇ, ಒಂದು ಚೂರೂ ಇಲ್ಲ," ಅಂದೆ. ಇಷ್ಟು ನುಣುಪಾಗಿ ಓಡುವ ಇಂಜಿನನ್ನು ತಾವು ಮಂಗಳೂರಿನಲ್ಲೂ ಕಂಡಿಲ್ಲ ಅಂದರು. ಅನುಭವದ ಕೆಲಸ ಅಂತ ನಾನು ವಿನಯದಿಂದ ತಲೆ ತಗ್ಗಿಸಿದೆ. ಇಬ್ಬರೂ ಬಹಳ ಹೊತ್ತು ಆ ಇಂಜಿನನ್ನು ಹೊಗಳಿದೆವು.

ಆಗ ಹಿಂದಿನಿಂದ ಅವರ ಹೆಂಡತಿ ಮುಂದಕ್ಕೆ ಬಗ್ಗಿ, ನನ್ನ ಎಡಗಿವಿಯ ಹತ್ತಿರ ಬಾಯಿ ತಂದು, ತಾಳ್ಮೆಯಿಂದ ಹೇಳಿದರು:

"ಮೇಸ್ತ್ರಿ, ಇಂಜಿನ್ ಬಂದ್ ಬಿದ್ದು ಒಂದು ಮೈಲು ಆಯ್ತು."

ಕಾರು ಇಳಿಜಾರು ಮುಗಿಸಿ ಗದ್ದೆಯ ನಡುವಿನ ಸಮ ರಸ್ತೆಯಲ್ಲಿ ಮೆಲ್ಲ ಮೆಲ್ಲ ನಿಧಾನವಾಗುತ್ತಿತ್ತು. ಹೆಂಡತಿಯ ತುಟಿ ಅಲುಗಿದ್ದನ್ನು ಧನಿಗಳು ಕನ್ನಡಿಯಲ್ಲಿ ಕಂಡಿರಬೇಕು. ನನ್ನ ತೊಡೆಗೆ ಪ್ರೀತಿಯಿಂದ ಒಂದು ತಟ್ಟಿದರು.

"ನೋಡಿದಿರಾ ಮೇಸ್ತ್ರಿ," ಅಂದರು, "ಅವಳೇ ಒಪ್ಪಿದ ಮೇಲೆ ಇನ್ನು ಯಾರೂ ಮಾತಾಡುವ ಹಾಗಿಲ್ಲ."