ಕಾಕಾನ ಮೂತ್ರಪಿಂಡಕ್ಕೆ ಚಹಾದ ಬಿಡುವು

ನಮ್ಮ ಕಾಕಾ ತಮ್ಮ ಮೂತ್ರಪಿಂಡಗಳಿಗೆ ಚಹಾದ ಬಿಡುವು ಕೊಟ್ಟದ್ದನ್ನು ಕಣ್ಣಾರೆ ಕಂಡವನು ನಾನು! ನಗಬೇಡಿ. ನಾನು ನಿಂತಿದ್ದದ್ದು ಬ್ಯಾಡಗಿಯಲ್ಲಿ, ಅವರ ಮೆಣಸಿನಕಾಯಿ ಅಂಗಳದ ಬೇವಿನ ಮರದ ಕೆಳಗೆ, ತಕ್ಕಡಿಯ ಎಡಕ್ಕೆ. ಹೋದ ವರ್ಷ ಸಂಕ್ರಾಂತಿಯ ಮರುದಿನ, ಸಂಜೆ ನಾಲ್ಕಕ್ಕೆ.

ನಾಲ್ಕು ಎಂದರೆ ಅಲ್ಲಿ ನಾಲ್ಕೇ. ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕೈಯಲ್ಲಿದ್ದದ್ದನ್ನೂ ಕೆಳಗಿಟ್ಟು ಚಹಾಕ್ಕೆ ಏಳಬೇಕು. ಒಮ್ಮೆ ರಾಣೇಬೆನ್ನೂರಿನ ವ್ಯಾಪಾರಿಯೊಬ್ಬ ಲಾರಿ ನಿಲ್ಲಿಸಿಕೊಂಡು ಗಡಿಬಿಡಿ ಮಾಡಿದ. "ಅಣ್ಣಾರ, ಲಾರಿಗೆ ಬೆನ್ನು ನೋಯಂಗಿಲ್ಲ. ಇವರಿಗೆ ನೋಯ್ತೈತಿ. ಕುಂದ್ರಿ, ನೀವೂ ಒಂದು ಕಪ್ ಕುಡೀರಿ," ಎಂದರು ಕಾಕಾ. ವ್ಯಾಪಾರಿ ಎರಡು ಕಪ್ ಕುಡಿದ!

ಇಂಥ ಕರುಣಾಳು ತಮ್ಮ ದೇಹಕ್ಕೆ ಮಾತ್ರ ಪರಮ ನಿರ್ದಯಿ. ಉಪ್ಪಿನಕಾಯಿಗೂ ಉಪ್ಪು ಹಚ್ಚಿಕೊಂಡು ತಿನ್ನುವವರನ್ನು ನೀವು ಕಂಡಿದ್ದೀರಾ? ಹಾವೇರಿಯ ಡಾಕ್ಟರು ಬಿ.ಪಿ. ನೋಡಿ, "ಹಿಂಗಾದ್ರ ಕಿಡ್ನಿ ಉಳಿಯಂಗಿಲ್ರಿ," ಎಂದು ಗುಳಿಗೆ ಕೊಟ್ಟರು. ಕಾಕಾ ಮೊದಲನೆಯದನ್ನೇ ಬೇವಿನ ಬುಡಕ್ಕೆ ಹಾಕಿದರು. "ಗಿಡಕ್ಕೂ ಬಿ.ಪಿ. ಇರಬಹುದಲ್ಲ?" ಅವರ ಹೆಂಡತಿ, ನಮ್ಮ ಕಾಕುವಿಗೆ, ನಗು ಬರಲಿಲ್ಲ. ಕಾಕುವಿನ ಅಣ್ಣ ಕಿಡ್ನಿ ಕೆಟ್ಟೇ ತೀರಿಹೋದವರು. ಅತ್ತು ಅತ್ತು ಕಾಕು ಈಗ ಅಳುವುದನ್ನೂ ಬಿಟ್ಟಿದ್ದರು.

ಆ ಸಂಜೆ ನನ್ನ ಮಗಳು ಬಂದಿದ್ದಳು. ಧಾರವಾಡದಲ್ಲಿ ಮೂತ್ರಪಿಂಡದ ಜೀವಕೋಶಗಳ ಮೇಲೆ ಸಂಶೋಧನೆ ಮಾಡುವವಳು. ಅವಳು ಚೀಲದ ಮೇಲೆ ಎಂಟು ಮೆಣಸಿನಕಾಯಿಗಳನ್ನು ಸಾಲಾಗಿ ಇಟ್ಟಳು.

"ಅಜ್ಜಾ, ಬಿ.ಪಿ. ಏರಸೋ ಹಾರ್ಮೋನು ಹಿಂಗ ಎಂಟು ಮಣಿ ಸರ ಇದ್ದಂಗ. ರಕ್ತನಾಳ ಬಿಗೀತೈತಿ. ಕಿಡ್ನಿ ಜೀವಕೋಶದಾಗ ಕಿಣ್ವ ಅಂತ ಇರ್ತಾವು. ಕಡೀದೊಂದು ಮಣಿ ಕತ್ತರಿಸ್ತಾವು." ಕೊನೆಯ ಕಾಯಿ ತೆಗೆದಳು. "ಈಗ ಇದೇ ಸರ ನಾಳ ಸಡಿಲ ಮಾಡ್ತೈತಿ."

ಕಾಕಾ ಬಗ್ಗಿ ನೋಡಿದರು. ನಾನೂ ನೋಡಿದೆ. ಒಂದೇ ಒಂದು ಮಣಿ! ಬಿಗಿಯುತ್ತಿದ್ದದ್ದೇ ಸಡಿಲಿಸುತ್ತದೆ. ಅದೂ ನಾನು ಹೀಗೆ ಸುಮ್ಮನೆ ನಿಂತಿರುವಾಗ, ನನ್ನೊಳಗೇ, ನನ್ನನ್ನು ಕೇಳದೆಯೇ! ನಾನು ತಕ್ಕಡಿಯ ಕಂಬ ಹಿಡಿದುಕೊಂಡೆ.

"ಅಂದ್ರ ತೊಟ್ಟು ಬಿಡಸೋರು ನನ್ನೊಳಗೂ ಅದಾರ?"

"ಹೂಂ ಅಜ್ಜಾ."

"ಚಹಾಕ್ಕ ಎಷ್ಟೊತ್ತಿಗೆ ಬಿಡ್ತಾರ?"

"ಬಿಡಂಗೇ ಇಲ್ಲ. ಹಗಲೂ ರಾತ್ರಿ ಕೆಲಸ. ಬರೋ ಸರ ಹೆಚ್ಚಾದ್ರ ಅವಕ್ಕ ಕತ್ತರಿಸಿ ಪೂರೈಸಂಗಿಲ್ಲ. ನಿಮ್ಮ ಗುಳಿಗಿ ತಗೊಂಡ್ರ ಆ ಸರಾನ ಕಡಿಮಿ ಬರ್ತಾವು."

ಹೆಂಗಸರಲ್ಲಿ ಹಿರಿಯಳಾದ ಮಾಬುಬಿ ಕಪ್ ಕೆಳಗಿಟ್ಟು, "ಮಾಲಕ್ರ, ನಮ್ಮನ್ನ ನಾಕಕ್ಕ ಚಹಾಕ್ಕ ಏಳಿಸ್ತೀರಿ. ಅವರೇನು ಪಾಪ ಮಾಡ್ಯಾರ?" ಎಂದಳು.

ಕಾಕಾ ಆ ಏಳು ಕಾಯಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಕಾಕುವಿನ ಕಡೆ ಕೈ ಚಾಚಿದರು. "ಗುಳಿಗಿ ಐತೇನ?"

ಅದು ಕಾಕುವಿನ ಸೆರಗಿನ ಗಂಟಿನಲ್ಲೇ ಇತ್ತು. ದಿನವೂ ಒಂದನ್ನು ಕಟ್ಟಿಕೊಂಡೇ ಓಡಾಡುತ್ತಿದ್ದರಂತೆ! ಕಾಕಾ ನುಂಗಿ, ನೀರು ಕುಡಿದು, ಎರಡೂ ಕೈಗಳನ್ನು ಸೊಂಟದ ಹಿಂದೆ ಮೆಲ್ಲಗೆ ಇಟ್ಟುಕೊಂಡರು.

"ಸ್ವಲ್ಪ ಕುಂದರ್ರೆವ್ವಾ," ಎಂದರು. "ದಣಿದೀರಿ."

ಕಾಕು ಅಲ್ಲೇ, ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ ಕುಸಿದು ಕುಳಿತು, ಅತ್ತುಬಿಟ್ಟರು.

ಇದನ್ನು ಕಂಡವರಲ್ಲಿ ನನ್ನ ಮಗಳಿದ್ದಾಳೆ. ಮಾಬುಬಿ ಇದ್ದಾಳೆ. ಕಾಕು ಇದ್ದಾರೆ. ಕಾಕಾನೂ ಇದ್ದಾರೆ, ಬೇಕಾದರೆ ಹೋಗಿ ಕೇಳಿ. ನಾಲ್ಕಕ್ಕೆ ಮಾತ್ರ ಹೋಗಬೇಡಿ, ಒಳಗಿನವರಿಗೆ ಬಿಡುವಿನ ಹೊತ್ತು.