ಷಡ್ಡಕರ ಫಸ್ಟ್ ಕ್ಲಾಸ್

ದರ್ಜಿಯ ಕೈಗೆ ಒಂದು ಕೆಟ್ಟ ಚಾಳಿ ಇತ್ತು. ಯಾರು ಎಷ್ಟು ಬಟ್ಟೆ ತಂದುಕೊಟ್ಟರೂ ಅದರಲ್ಲಿ ಒಂದು ತುಂಡು ಉಳಿಸದೆ ಅದು ಕತ್ತರಿ ಕೆಳಗಿಡುತ್ತಿರಲಿಲ್ಲ. ಪ್ರವಾಸಕ್ಕೆಂದು ಪರದೇಶಕ್ಕೆ ಬಂದರೂ ಕೈ ಅದೇ ಕೈ. ರೈಲು ನಿಲ್ದಾಣದ ಟಿಕೆಟ್ ಯಂತ್ರದ ಪರದೆಯ ಮೇಲೆ ಎರಡು ಚೌಕ ಮೂಡಿದವು, ಒಂದು ಫಸ್ಟ್ ಕ್ಲಾಸ್, ಇನ್ನೊಂದು ಸಾದಾ. ಬೆರಳು ಫಸ್ಟ್ ಕ್ಲಾಸಿನ ಕಡೆಗೇ ಹೊರಟಿತ್ತು. ಅಷ್ಟರಲ್ಲಿ, ಮುಂದಿನ ಬೋಗಿಯೂ ಹಿಂದಿನ ಬೋಗಿಯೂ ಊರು ಸೇರುವುದು ಒಂದೇ ಹೊತ್ತಿಗಲ್ಲವೇ, ಕೋಟಿನ ಒಳಗೆ ರೇಷ್ಮೆ ಲೈನಿಂಗ್ ಹಾಕಿದರೆ ಯಾರು ನೋಡುತ್ತಾರೆ ಎಂಬ ಯೋಚನೆ ಬಂತು. ಬೆರಳು ಸಾದಾ ಚೌಕದ ಮೇಲೆ ಕೂತುಬಿಟ್ಟಿತು.

ಕೂತ ಮೇಲೆ ಹೆಂಡತಿಯ ಮಾತು ನೆನಪಾಯಿತು. ತಿಂಡಿ ತಿನ್ನುವಾಗ ಅವಳು ಹೇಳಿದ್ದಳು, "ರೀ, ಅಕ್ಕನ ಮನೆಯವರು ಎಲ್ಲಿಗೆ ಹೋದ್ರೂ ಫಸ್ಟ್ ಕ್ಲಾಸಂತೆ. ನಾನು ಯಾವಾಗ್ಲೂ ಅವಳ ಹಿಂದೆನೇ ಆಯ್ತು. ಇದೊಂದು ಸಲ ಅವಳ ಪಕ್ಕದಲ್ಲಿ ಕೂತ್ಕೋಬೇಕು. ಅವಳ ಮುಂದೆ ನನ್ನ ಮರ್ಯಾದೆ ತೆಗೀಬೇಡಿ."

"ಟಿಕೆಟ್ ಆಯ್ತಾ? ಫಸ್ಟ್ ಕ್ಲಾಸೇ ತಾನೆ?" ಎಂದು ಅವಳು ಬಂದು ಕೇಳಿದಳು.

"ಮತ್ತೆ?" ಎಂದ ದರ್ಜಿ.

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೀರು ತರುತ್ತೇವೆಂದು, ಗಂಡನೊಡನೆ ಇದೇ ಪ್ರವಾಸಕ್ಕೆ ಬಂದಿದ್ದ ಅಕ್ಕನ ಜೊತೆ ಹೋದಳು. ಇಬ್ಬರೂ ನಗುತ್ತ ವಾಪಸು ಬಂದರು, ಕೈಯಲ್ಲಿ ನೀರಿನ ಬಾಟಲಿ ಮಾತ್ರ ಇರಲಿಲ್ಲ. ದರ್ಜಿ ಟಿಕೆಟ್ಟುಗಳನ್ನು ಒಳಜೇಬಿನ ಆಳಕ್ಕೆ ತುರುಕುತ್ತಿದ್ದವನು ಅದನ್ನು ಗಮನಿಸಲಿಲ್ಲ.

ಅಕ್ಕನ ಗಂಡ, ಅಂದರೆ ದರ್ಜಿಯ ಷಡ್ಡಕ, ಹಲ್ಲಿನ ಡಾಕ್ಟರು. ಷಡ್ಡಕರ ನಡುವಿನ ಪೈಪೋಟಿ ಸವತಿಯರಲ್ಲೂ ಕಾಣಸಿಗುವುದಿಲ್ಲ. "ಸಾದಾ ಬೋಗೀಲಿ ಕೂತ್ರೆ ನಂಗೆ ಬೆನ್ನು ಹಿಡ್ಕೊಳ್ಳುತ್ತಪ್ಪ," ಎಂದು ಡಾಕ್ಟರು ಮುಂದಿನ ಫಸ್ಟ್ ಕ್ಲಾಸ್ ಬೋಗಿ ಹತ್ತಿದರು. ಉಳಿದವರೂ ಅವರ ಹಿಂದೆಯೇ ಅದನ್ನೇ ಹತ್ತಿದರು.

ಒಳಗೆ ಸೋಫಾದಂಥ ಸೀಟುಗಳು. ಅಕ್ಕತಂಗಿಯರು ಅಕ್ಕಪಕ್ಕ ಕೂತು ಕಿಟಕಿಯಾಚೆ ಕೈ ತೋರಿಸಿ ಮಾತಿಗಿಳಿದರು. ಹೆಂಡತಿಯ ಮುಖದಲ್ಲಿ ಇಷ್ಟು ಸಂತೋಷವನ್ನು ದರ್ಜಿ ಕಂಡೇ ಇರಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನಷ್ಟು ಭಯವಾಯಿತು. ಸೀಟಿನ ಹೊಲಿಗೆ ನೋಡುವವನಂತೆ ತುದಿಯಲ್ಲೇ ಕೂತಿದ್ದ. ಬೆನ್ನುನೋವಿನ ಡಾಕ್ಟರೂ ಯಾಕೋ ಬೆನ್ನು ಒರಗಿಸಿರಲಿಲ್ಲ.

ಆಗ ಬೋಗಿಯ ಆ ತುದಿಯಲ್ಲಿ ಟೋಪಿ ಹಾಕಿದ ಚೆಕ್ಕರ್ ಕಾಣಿಸಿಕೊಂಡ. 

"ಕಾಫಿ ತರ್ತೀನಿ," ಎಂದು ಡಾಕ್ಟರು ಎದ್ದು ಹಿಂದಕ್ಕೆ ಹೋದರು.

ಚೆಕ್ಕರ್ ಇಲ್ಲಿಗೆ ಬರುವ ಮೊದಲೇ ತಾನೇ ಹೋಗಿ ಹೆಚ್ಚಿನ ಹಣ ಕಟ್ಟಿಬಿಟ್ಟರೆ ಹೆಂಡತಿಯ ಮಾನ ಉಳಿಯುತ್ತದೆ ಎಂದು ದರ್ಜಿ ಎದ್ದು ಅವನ ಹತ್ತಿರ ಹೋದ. ಆದರೆ ಆ ದೇಶದ ಭಾಷೆ ಬರುವುದಿಲ್ಲ. ಕೆಳಗಿನ ದರ್ಜೆಯಿಂದ ಮೇಲಿನ ದರ್ಜೆಗೆ ಏರಿಸಿ ಎಂಬುದನ್ನು ಕೈಸನ್ನೆಯಲ್ಲೇ ಹೇಳಬೇಕು. ಅಂಗೈಯನ್ನು ಹೊಟ್ಟೆಯ ಹತ್ತಿರ ಹಿಡಿದು ಮೆಲ್ಲಗೆ ಗದ್ದದವರೆಗೆ ಎತ್ತಿದ. ಗುಟ್ಟಾಗಿರಲಿ ಎಂದು ಬಾಯಿ ಮುಚ್ಚಿ ತೋರಿಸಿದ.

ಚೆಕ್ಕರ್ ಮರುಕದ ಮನುಷ್ಯ. ಇವನಿಗೆ ವಾಂತಿ ಬರುತ್ತಿದೆ ಎಂದುಕೊಂಡು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಇವನ ರಟ್ಟೆ ಹಿಡಿದು, ಶೌಚಾಲಯದ ಬಾಗಿಲಿನವರೆಗೆ ತಾನೇ ನಡೆಸಿಕೊಂಡು ಹೋಗಿ ಬಿಟ್ಟ.

ದರ್ಜಿ ಬಾಗಿಲು ತಳ್ಳಿದ. ಒಳಗೆ ಡಾಕ್ಟರು ನಿಂತಿದ್ದರು.

"ಕಾಫಿ?" ಎಂದ ದರ್ಜಿ.

"ಒಳಗೆ ಬನ್ರೀ, ಬಾಗಿಲು ಹಾಕಿ," ಎಂದರು ಡಾಕ್ಟರು. ಅವರ ಕೈಯಲ್ಲಿ ಟಿಕೆಟ್ ಇತ್ತು, ಅದೂ ಸಾದಾ.

"ಡಾಕ್ಟ್ರೇ, ನಿಮ್ದೂನಾ? ಮತ್ತೆ ಇಷ್ಟು ವರ್ಷದ ಫಸ್ಟ್ ಕ್ಲಾಸು?"

"ಅದೆಲ್ಲಾ ಬಾಯಲ್ಲೇ ಕಣ್ರೀ. ದುಡ್ಡು ಬಿಚ್ಚೋದು ಅಂದ್ರೆ ನನ್ನ ಹಲ್ಲು ನಾನೇ ಕಿತ್ಕೊಂಡ ಹಾಗಾಗುತ್ತೆ."

"ಅವರಿಬ್ಬರನ್ನ ಚೆಕ್ಕರ್ ಕೇಳಿದ್ರೆ?"

"ಭಾಷೆ ಬರದ ಹೆಂಗಸ್ರು, ಪಾಪ ಅಂತ ಬಿಡ್ತಾನೆ. ನಾವಿದ್ರೆ ಬಿಡಲ್ಲ. ನಡೀರಿ ಹಿಂದಕ್ಕೆ."

ಇಬ್ಬರೂ ಕಳ್ಳಹೆಜ್ಜೆ ಇಟ್ಟು ಹಿಂದಿನ ಸಾದಾ ಬೋಗಿ ಸೇರಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬಂತೆ ಡಾಕ್ಟರು ಬೆನ್ನು ಒರಗಿಸಿ ಕಣ್ಣು ಮುಚ್ಚಿದರು. ದರ್ಜಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕನ ಎದುರು ಹೆಂಡತಿ ತಲೆ ತಗ್ಗಿಸಿ ನಿಂತಿರುವುದೇ ಕಣ್ಣಿಗೆ ಕಟ್ಟಿತು. ನಾಚಿಕೆಯಾಯಿತು. ರೈಲು ಯಾವುದೋ ಜಂಕ್ಷನ್ನಿನಲ್ಲಿ ನಿಂತಿತ್ತು.

"ಏನಾದ್ರೂ ಆಗ್ಲಿ, ನಾನು ಹೋಗಿ ನಿಜ ಹೇಳ್ತೀನಿ," ಎಂದು ಎದ್ದು ಬೋಗಿಯ ಕೊನೆಗೆ ಓಡಿದ.

ನಡುಬಾಗಿಲಿನ ಗಾಜಿನಾಚೆ ಮುಂದಿನ ಬೋಗಿ ಇರಲಿಲ್ಲ. ಬರೀ ಹಳಿ ಇತ್ತು. ದೂರದಲ್ಲಿ ರೈಲಿನ ಮುಂದಿನ ಅರ್ಧ ಎಡಕ್ಕೆ ತಿರುಗುತ್ತಿತ್ತು. ಆ ದೇಶದಲ್ಲಿ ಕೆಲವು ರೈಲುಗಳನ್ನು ನಡುದಾರಿಯಲ್ಲಿ ಎರಡಾಗಿ ಬಿಡಿಸಿ ಎರಡು ಊರಿಗೆ ಕಳಿಸುತ್ತಾರೆ. ಇವರಿದ್ದ ಅರ್ಧ ಒಮ್ಮೆ ಜಗ್ಗಿ ಬಲಕ್ಕೆ ಹೊರಟಿತು.

ಫೋನು ಬಡಿದುಕೊಂಡಿತು. ಹೆಂಡತಿ.

"ಎಲ್ಲಿದೀರಾ?"

"ಹಿಂದಿನ ಬೋಗೀಲಿ. ಬೇರೆ ಕಡೆ ಹೋಗ್ತಿದೆ ಕಣೆ. ಚೆಕ್ಕರ್ ಬಂದಿದ್ನಾ? ಏನಂದ?"

"ಬಂದಿದ್ದ. ಫಸ್ಟ್ ಕ್ಲಾಸ್ ಟಿಕೆಟ್ ತೋರಿಸಿದ್ವಿ."

"ಯಾವ ಟಿಕೆಟ್?"

"ನೀರು ತರೋಕೆ ಅಂತ ಹೋದ್ವಲ್ಲ, ಆಗ ತಗೊಂಡಿದ್ದು. ನೀವು 'ಮತ್ತೆ?' ಅಂದಾಗಲೇ ಗೊತ್ತಾಯ್ತು. ಅಕ್ಕನ ಹತ್ರ ಅತ್ಕೊಂಡೆ. ಅವಳು ನಕ್ಕು, ನಮ್ಮನೇದೂ ಇದೇ ಕತೆ ಕಣೆ ಅಂದ್ಳು. ನಾಲ್ಕು ಜನಕ್ಕೂ ತಗೊಂಡ್ವಿ."

"ನಾಲ್ಕಾ? ಮೊದಲೇ ಹೇಳಬಾರದಿತ್ತಾ?"

"ನೀವೇ ಹೇಳ್ತೀರೇನೋ ಅಂತ ಕಾದೆ."

ದರ್ಜಿ ಒಳಜೇಬಿನ ಟಿಕೆಟ್ಟುಗಳನ್ನು ಮುಟ್ಟಿ ನೋಡಿಕೊಂಡ.

"ಸೀಟು ದಂಡ ಆಯ್ತು ಅಂತ ಸಂಕಟ ಪಡಬೇಡಿ," ಎಂದಳು ಹೆಂಡತಿ. "ನಿಮ್ಮ ಸೀಟಲ್ಲಿ ಬ್ಯಾಗ್ ಇಟ್ಟಿದೀವಿ."

ಫೋನು ಇಟ್ಟು ತಿರುಗಿದರೆ, ಈ ಅರ್ಧಕ್ಕೂ ಒಬ್ಬ ಚೆಕ್ಕರ್ ಇದ್ದ. ಟೋಪಿ ಸರಿಮಾಡಿಕೊಳ್ಳುತ್ತ ಇತ್ತಲೇ ಬರುತ್ತಿದ್ದ.

"ಬರ್ಲಿ ಬಿಡಿ," ಎಂದರು ಅಷ್ಟರಲ್ಲಿ ಎದ್ದು ಬಂದಿದ್ದ ಡಾಕ್ಟರು. "ಸಾದಾ ಬೋಗಿ, ಸಾದಾ ಟಿಕೆಟ್ಟು. ನಮಗ್ಯಾಕೆ ಭಯ?"

"ಟಿಕೆಟ್ಟಲ್ಲಿರೋ ಊರು ಆ ಕಡೆ ಹೋಯ್ತು, ಡಾಕ್ಟ್ರೇ."

ಇಬ್ಬರೂ ಶೌಚಾಲಯಕ್ಕೆ ಓಡಿದರು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಒಳಗೆ ಬೇರೆ ಯಾರೋ ಇದ್ದರು. ಚೆಕ್ಕರ್ ಬಂದು ಎದುರಿಗೆ ಕೈ ಚಾಚಿ ನಿಂತ. ದರ್ಜಿಯ ಅಂಗೈ ತಾನಾಗಿಯೇ ಹೊಟ್ಟೆಯಿಂದ ಗದ್ದದವರೆಗೆ ಏರಿ ಬಾಯಿ ಮುಚ್ಚಿತು. ಈ ಸಲ ಅದಕ್ಕೆ ಮೊದಲಿನ ಚೆಕ್ಕರ್ ತಿಳಿದುಕೊಂಡಿದ್ದ ಅರ್ಥವೇ ಇತ್ತು.