ಹ್ಯಾಂಡಲ್ ಬದಲಿಸದ ಸಿ ಪಂಡಿತ

ಕಂಪ್ಯೂಟರಿನ ಸಿ ಭಾಷೆಯಲ್ಲಿ ನನಗೆ ಗೊತ್ತಿಲ್ಲದ್ದೇ ಇಲ್ಲ ಎಂದು ಅಟ್ಟೂರಿನ ನಮ್ಮ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ನಂಬಿದ್ದರು. ಆ ಒಬ್ಬರು ನಾನೇ!

ನನ್ನ ಹೆಂಡತಿ ವಸುಧಾ ಸೋಲದೇವನಹಳ್ಳಿಯ ಕಡೆ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತಾಳೆ. ಮಳೆ ಬಂದರೆ ಯಾವ ರಸ್ತೆ ಕೆರೆಯಾಗುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಫೋರ್ಟ್ರಾನ್ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಳು. ಅದು ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಓಡಬೇಕು, ಹೊರಗಿನಿಂದ ಬರುವ ಪರೀಕ್ಷಕರು ಒಪ್ಪಬೇಕು. ಆಗ ಅವಳಿಗೆ ಪಿಎಚ್‌ಡಿ. ಆ ಲೆಕ್ಕವನ್ನು ತೆರೆಯ ಮೇಲೆ ಚಿತ್ರವಾಗಿ ಬಿಡಿಸುವ ಸಿ ಭಾಗ ಮಾತ್ರ ನನ್ನದು.

ಹೀಗೆ ಒಟ್ಟಿಗೆ ದುಡಿಯುವ ಕಂಪ್ಯೂಟರುಗಳ ಗುಂಪಿಗೆ ಎಂಪಿಐ ಎಂಬ ಸಿದ್ಧ ಪ್ರೋಗ್ರಾಂ ಹ್ಯಾಂಡಲ್ ಎಂಬ ಒಂದು ಗುರುತು ಕೊಡುತ್ತದೆ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಕೊಟ್ಟಂತೆ. ಫೋರ್ಟ್ರಾನಿನ ಟೋಕನ್ನನ್ನು ಸಿ ಭಾಗಕ್ಕೆ ಬದಲಿಸಿಯೇ ಕೊಡಬೇಕು. ವಸುಧಾ ಕೈಪಿಡಿ ಓದಿ ಆ ಒಂದು ಸಾಲನ್ನು ನನ್ನ ಭಾಗದಲ್ಲಿ ಸೇರಿಸಿದ್ದಳು. ನಾನು ಅಳಿಸಿದೆ.

"ರೀ, ಅದನ್ಯಾಕೆ ತೆಗೆದ್ರಿ?"

"ಅದೆಲ್ಲ ಬರೀ ಶಾಸ್ತ್ರ ಕಣೇ. ನೋಡು, ಅದಿಲ್ದೇನೇ ಓಡ್ತಿದೆ!"

ಮನೆಯ ಲ್ಯಾಪ್‌ಟಾಪಿನಲ್ಲಿ ನಿಜಕ್ಕೂ ಓಡಿತು. ಅದರಲ್ಲಿದ್ದ ಎಂಪಿಐನಲ್ಲಿ ಎರಡು ಭಾಷೆಗೂ ಒಂದೇ ಟೋಕನ್. ಕಾಲೇಜಿನ ಲ್ಯಾಬಿನಲ್ಲಿದ್ದದ್ದು ಬೇರೆಯವರು ಮಾಡಿದ ಎಂಪಿಐ, ಅಲ್ಲಿ ಒಂದೊಂದು ಭಾಷೆಗೆ ಒಂದೊಂದು ಬಗೆಯ ಟೋಕನ್. ಪಂಡಿತರು ವಿಚಾರಿಸಿರಲಿಲ್ಲ.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಲ್ಯಾಬಿನ ಕಂಪೈಲರ್ ಒಂದು ಎಚ್ಚರಿಕೆ ಕೊಟ್ಟಿತು. ಹೆಂಡತಿ ಕೊಟ್ಟ ಎಚ್ಚರಿಕೆಗೇ ಬಗ್ಗದವನು ನಾನು! ಓಡಿಸಿದೆ. ಪ್ರೋಗ್ರಾಂ ಎದ್ದ ಕ್ಷಣವೇ ಮಕಾಡೆ ಮಲಗಿತು. ಆದರೆ ತಪ್ಪು ನನ್ನದಾಗಿರಲು ಸಾಧ್ಯವೇ?

"ಕೇಬಲ್ ಲೂಸಾಗಿದೆ" ಎಂದು ಘೋಷಿಸಿ ಮೇಜಿನ ಕೆಳಗೆ ನುಸುಳಿದೆ. ಒಂದು ವೈರು ಕಿತ್ತೆ. ಪ್ರೊಜೆಕ್ಟರ್ ಆರಿತು. ಇನ್ನೊಂದು ಕಿತ್ತೆ. ಪರೀಕ್ಷಕರ ಕಡೆ ತಿರುಗಿದ್ದ ಟೇಬಲ್ ಫ್ಯಾನ್ ನಿಂತಿತು!

"ರೀ, ಎರಡನ್ನೂ ವಾಪಸ್ ಹಾಕಿ, ಅಲ್ಲೇ ಕೂತಿರಿ. ಮೇಲೆ ಬರ್ಬೇಡಿ!" ಎಂದಳು ವಸುಧಾ. ನಾನು ಅಳಿಸಿದ್ದ ಸಾಲನ್ನು ಮತ್ತೆ ಬರೆದು ಓಡಿಸಿದಳು. ಹೆಬ್ಬಾಳದ ರಸ್ತೆಗಳು ತೆರೆಯ ಮೇಲೆ ಚೆಂದವಾಗಿ ಮುಳುಗತೊಡಗಿದವು. ಪರೀಕ್ಷಕರು "ಭೇಷ್!" ಎಂದರು. ನನಗೆ ಖುಷಿಯೋ ಖುಷಿ. ಧೂಳು ಕೊಡವಿಕೊಂಡು ಹೊರಗೆ ಬಂದೆ.

"ಮೊದಲು ಬಿತ್ತಲ್ಲಮ್ಮಾ, ಆ ಸಿ ಭಾಗ ಯಾರು ಬರೆದಿದ್ದು?" ಎಂದು ಪರೀಕ್ಷಕರು ಕೇಳಿದರು.

ವಸುಧಾ ನನ್ನತ್ತ ನೋಡಿದಳು. ಪರೀಕ್ಷಕರೂ ನೋಡಿದರು.

"ನಾನು ಕೇಬಲ್ ಚೆಕ್ ಮಾಡೋನು ಸರ್" ಎಂದೆ.

"ಒಳ್ಳೇದಾಯ್ತು. ಆ ಟ್ಯೂಬ್‌ಲೈಟ್ ಮಿಣುಕ್ತಿದೆ ನೋಡಿ, ಅದನ್ನೂ ಸರಿ ಮಾಡ್ಬಿಡಿ."

ನಾನು ಸ್ಟೂಲ್ ಹುಡುಕಲು ಹೊರಟೆ.